ಹೆಸರನ್ನು ಮನೆಗೆ ತಲುಪಿಸುವ ಚಿತ್ರ

ಕೊಹಿಮಾಕ್ಕೆ ಬೆಳಕು ಬೇಗ ಹರಿಯುತ್ತದೆ. ಬೆಂಗಳೂರಿನಲ್ಲಿ ಇನ್ನೂ ಕತ್ತಲಿರುವ ಹೊತ್ತಿಗೆ ನಾಗಾಲ್ಯಾಂಡಿನ ಈ ಗುಡ್ಡದೂರಿನ ಮೇಲೆ ಬಿಸಿಲು ಬಿದ್ದಿರುತ್ತದೆ. ಪೇಟೆಯ ನಡುವೆ, ವಾಹನಗಳ ಹಾರನ್ ಕೇಳುವಷ್ಟು ಹತ್ತಿರದಲ್ಲೇ ಒಂದು ಹಸಿರು ಇಳಿಜಾರು. ಮಲೆನಾಡಿನ ಗದ್ದೆಗಳ ಹಾಗೆ ಒಂದರ ಮೇಲೊಂದು ಹಂತ. ಪ್ರತಿ ಹಂತದಲ್ಲೂ ನೂಲು ಹಿಡಿದು ಇಟ್ಟಂತೆ ಗಿಡ್ಡ ಕಲ್ಲುಗಳ ಸಾಲು. ಕಲ್ಲಿನ ಮೇಲೊಂದು ಕಂಚಿನ ಫಲಕ, ಪಕ್ಕದಲ್ಲೊಂದು ಹೂಗಿಡ. ಇದು ಕೊಹಿಮಾದ ವಾರ್ ಸಿಮೆಟ್ರಿ, ಎರಡನೆಯ ಮಹಾಯುದ್ಧದಲ್ಲಿ ಮಡಿದ ಸೈನಿಕರ ಸಮಾಧಿ ಸ್ಥಳ.

ಇಂಥ ಜಾಗಕ್ಕೆ ಬಂದವರಲ್ಲಿ ಬಹಳ ಮಂದಿ ಮೊದಲು ಮಾಡುವುದು ಒಂದೇ ಕೆಲಸ. ಸಮಾಧಿಗಳ ಸಾಲು ಬೆನ್ನ ಹಿಂದೆ ಬರುವಂತೆ ನಿಂತು, ಮೊಬೈಲ್ ಎತ್ತಿ, ತಮ್ಮದೊಂದು ಫೋಟೊ ತೆಗೆದುಕೊಳ್ಳುವುದು. ಅಪರೂಪಕ್ಕೆ ಅಲ್ಲೇ ಆಚೆ ಬದಿ ಇನ್ನೊಬ್ಬರು ಹುಲ್ಲಿನ ಮೇಲೆ ಮಂಡಿಯೂರಿ ಕೂತಿರುತ್ತಾರೆ. ಅವರ ಕ್ಯಾಮೆರಾ ಫಲಕದ ಮಟ್ಟಕ್ಕೆ ಇಳಿದಿರುತ್ತದೆ. ಒಂದು ಹೆಸರು, ಒಂದು ಚಿತ್ರ, ನೋಟ್‌ಬುಕ್ಕಿನಲ್ಲಿ ಒಂದು ಗುರುತು. ಆಮೇಲೆ ಪಕ್ಕದ ಕಲ್ಲು.

ಎರಡೂ ಫೋಟೊಗಳೇ. ಆದರೆ ಎರಡನೆಯದಕ್ಕೆ ನೂರು ವರ್ಷ ಮಿಕ್ಕಿದ ಇತಿಹಾಸವಿದೆ, ಅದರದೇ ಕ್ರಮವಿದೆ. ಬದುಕುಳಿದವರು ದೂರದ ಯಾವುದೋ ಮನೆಗೆ ತೀರಿಸಬೇಕಾದ ಋಣವೊಂದು ಅದರ ಹಿಂದಿದೆ.

ಟೆನಿಸ್ ಅಂಗಳದ ಕಾಳಗ

1944ರ ಮಾರ್ಚ್‌ನಲ್ಲಿ ಜಪಾನಿನ 15ನೇ ಸೇನೆ ಬರ್ಮಾದ ಕಡೆಯಿಂದ ಚಿಂದ್ವಿನ್ ನದಿ ದಾಟಿ ಭಾರತದೊಳಗೆ ನುಗ್ಗಿತು. ಒಂದು ಭಾಗ ಇಂಫಾಲದತ್ತ ಹೊರಟರೆ, ಕೊಟೊಕು ಸಾಟೊ ಎಂಬ ಸೇನಾಧಿಕಾರಿಯ 31ನೇ ಡಿವಿಷನ್ ಕಾಡುಗುಡ್ಡ ಹತ್ತಿಳಿದು ಏಪ್ರಿಲ್ ಮೊದಲ ವಾರದಲ್ಲಿ ಕೊಹಿಮಾ ತಲುಪಿತು. ಇಂಫಾಲಕ್ಕೆ ಸಾಮಾನು ಸರಂಜಾಮು ಹೋಗುತ್ತಿದ್ದ ರಸ್ತೆ ಈ ಊರಿನ ಮೂಲಕವೇ ಸಾಗುತ್ತಿತ್ತು. ಕೊಹಿಮಾ ಬಿದ್ದರೆ ಅದರ ಕೆಳಗಿದ್ದ ದಿಮಾಪುರದ ರೈಲು ನಿಲ್ದಾಣ ಮತ್ತು ದೊಡ್ಡ ಉಗ್ರಾಣಕ್ಕೆ ದಾರಿ ತೆರೆಯುತ್ತಿತ್ತು.

ಗುಡ್ಡದ ಏಣಿನ ಮೇಲೆ ಇದ್ದವರು ಸುಮಾರು 2,500 ಮಂದಿ. ಅವರಲ್ಲಿ ಬಂದೂಕು ಹಿಡಿದು ಕಾದುವವರಲ್ಲದವರೂ ಬಹಳಷ್ಟಿದ್ದರು. ರಾಯಲ್ ವೆಸ್ಟ್ ಕೆಂಟ್ ಪಡೆ, ಅಸ್ಸಾಂ ರೆಜಿಮೆಂಟ್, ಅಸ್ಸಾಂ ರೈಫಲ್ಸ್‌ನ ಯೋಧರು ಎರಡು ವಾರ ಆ ಮುತ್ತಿಗೆಯನ್ನು ತಡೆದರು. ಕುಡಿಯುವ ನೀರಿಗೂ ತತ್ವಾರ. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಒಂದು ಅಂಚಿಗೆ ಇವರ ಕಂದಕ, ಇನ್ನೊಂದು ಅಂಚಿಗೆ ಅವರ ಕಂದಕ. ಚೆಂಡು ಹಾರಾಡುತ್ತಿದ್ದ ಜಾಗದಲ್ಲಿ ಕೈಬಾಂಬ್ ಹಾರಾಡಿದವು.

ಏಪ್ರಿಲ್ 18ರಂದು ಸಹಾಯದ ಪಡೆ ಮೇಲೇರಿ ಬಂತು. ಪಂಜಾಬ್ ರೆಜಿಮೆಂಟಿನ ಸೈನಿಕರು ಅದರ ಮುಂಚೂಣಿಯಲ್ಲಿದ್ದರು. ಆದರೂ ಒಂದೊಂದೇ ದಿಬ್ಬವನ್ನು ಮರಳಿ ಗೆದ್ದು ಇಂಫಾಲದ ರಸ್ತೆ ತೆರೆಯುವಾಗ ಜೂನ್ 22 ಆಗಿತ್ತು. ಗಾಯಾಳುಗಳನ್ನು ಹೊತ್ತು ಇಳಿಸಿದವರು, ಕಾಡಿನಲ್ಲಿ ದಾರಿ ತೋರಿದವರು ನಾಗಾ ಹಳ್ಳಿಗರು. ಜಪಾನಿಯರ ಜೊತೆ ಬಂದಿದ್ದ ಆಜಾದ್ ಹಿಂದ್ ಫೌಜಿನ ಭಾರತೀಯರೂ ಈ ದಂಡಯಾತ್ರೆಯಲ್ಲಿ ಹಸಿವು, ಕಾಯಿಲೆ, ಗುಂಡಿಗೆ ಬಲಿಯಾದರು. ಸ್ವಾತಂತ್ರ್ಯಕ್ಕೆ ಮೂರು ವರ್ಷ ಮೊದಲು, ನಮ್ಮದೇ ನೆಲದಲ್ಲಿ, ಎರಡೂ ಕಡೆ ನಮ್ಮವರು ಸತ್ತ ಯುದ್ಧವಿದು.

ಆ ಕಾಳಗ ನಡೆದ ಗ್ಯಾರಿಸನ್ ಹಿಲ್ ಈಗ ಸಮಾಧಿ ಸ್ಥಳ. ಟೆನಿಸ್ ಅಂಗಳದ ಗೆರೆಗಳನ್ನು ಬಿಳಿ ಕಾಂಕ್ರೀಟಿನಲ್ಲಿ ಗುರುತು ಮಾಡಿ ಹಾಗೇ ಉಳಿಸಿದ್ದಾರೆ. ಗುಂಡಿನ ಮಳೆಗೆ ನಾಶವಾದ ಚೆರಿ ಮರವೊಂದರ ಬುಡದಿಂದ ಚಿಗುರಿದ ಮರ ಅಲ್ಲಿ ಬೆಳೆದು ನಿಂತಿದೆ.

ಜನರಲ್‌ಗೂ ಜವಾನನಿಗೂ ಒಂದೇ ಅಳತೆ

ಕೊಹಿಮಾದ ಸಮಾಧಿಗಳನ್ನು ನೋಡಿಕೊಳ್ಳುತ್ತಿರುವುದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಇದರ ಬೀಜ ಬಿದ್ದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಫೇಬಿಯನ್ ವೇರ್ ಎಂಬಾತ ವಯಸ್ಸು ಮೀರಿದ್ದರಿಂದ ಸೈನ್ಯಕ್ಕೆ ಸೇರಲಾಗದೆ ರೆಡ್ ಕ್ರಾಸ್‌ನ ಆಂಬುಲೆನ್ಸ್ ತಂಡವೊಂದರ ಮುಖ್ಯಸ್ಥನಾಗಿ ಫ್ರಾನ್ಸಿಗೆ ಹೋಗಿದ್ದ. ಸತ್ತವರನ್ನು ಸಿಕ್ಕ ಸಿಕ್ಕಲ್ಲಿ ಹೂಳುತ್ತಿರುವುದನ್ನೂ, ಯಾರನ್ನು ಎಲ್ಲಿ ಹೂಳಿದರೆಂಬ ಲೆಕ್ಕ ಯಾರ ಬಳಿಯೂ ಇಲ್ಲದ್ದನ್ನೂ ಕಂಡು ತಾನೇ ಬರೆದಿಡಲು ತೊಡಗಿದ. ಆ ಪಟ್ಟಿಯೇ ಬೆಳೆದು 1917ರ ಮೇ 21ರಂದು ಒಂದು ಆಯೋಗವಾಯಿತು. ಇಂದು ಸುಮಾರು 17 ಲಕ್ಷ ಮೃತರ ನೆನಪನ್ನು 150ಕ್ಕೂ ಹೆಚ್ಚು ದೇಶಗಳಲ್ಲಿ ಅದು ಕಾಪಾಡುತ್ತಿದೆ.

ಆಯೋಗ ಹಾಕಿಕೊಂಡ ನಿಯಮ ಸರಳ. ಪ್ರತಿಯೊಬ್ಬನ ಹೆಸರೂ ಕಲ್ಲಿನ ಮೇಲೋ ಸ್ಮಾರಕದ ಮೇಲೋ ಇರಬೇಕು. ಗುರುತು ಶಾಶ್ವತವಾಗಿರಬೇಕು. ಎಲ್ಲ ಕಲ್ಲುಗಳೂ ಒಂದೇ ತೆರನಾಗಿರಬೇಕು. ಹುದ್ದೆ, ಜನಾಂಗ, ಧರ್ಮದ ಭೇದ ಕೂಡದು. ಕಾಸಿದ್ದವರ ಮಗನಿಗೆ ಗೋಪುರ, ಇಲ್ಲದವರ ಮಗನಿಗೆ ಮಣ್ಣಗುಡ್ಡೆ ಎಂಬಂತಾಗದಿರಲಿ ಎಂದೇ ಈ ಕಟ್ಟು.

ಕೊಹಿಮಾದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬ್ರಿಟಿಷ್ ಸೈನ್ಯದ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಇಬ್ಬರು ಇಲ್ಲಿದ್ದಾರೆ: ಲ್ಯಾನ್ಸ್ ಕಾರ್ಪೊರಲ್ ಜಾನ್ ಹಾರ್ಮನ್ ಮತ್ತು ಕ್ಯಾಪ್ಟನ್ ಜಾನ್ ರ‍್ಯಾಂಡಲ್. ಒಬ್ಬ ಸಾಮಾನ್ಯ ದರ್ಜೆಯ ಸೈನಿಕ, ಇನ್ನೊಬ್ಬ ಅಧಿಕಾರಿ. ಇಬ್ಬರ ಕಲ್ಲೂ ಪಕ್ಕದ ಕಲ್ಲಿಗಿಂತ ಒಂದಂಗುಲ ಎತ್ತರವಿಲ್ಲ. ಪದಕದ ಗುರುತು ಫಲಕದಲ್ಲಿದೆ, ಅಷ್ಟೇ. ಅದು ಕಾಣಬೇಕಾದರೆ ಬಗ್ಗಿ ನೋಡಬೇಕು.

ಫಲಕ ಓದುವುದನ್ನು ಕಲಿತರೆ ಒಂದು ಅಂಗೈ ಜಾಗದಲ್ಲಿ ಇಡೀ ಬದುಕು ಸಿಗುತ್ತದೆ. ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಪಡೆ, ಸತ್ತ ದಿನ, ಗೊತ್ತಿದ್ದರೆ ವಯಸ್ಸು, ಧರ್ಮದ ಚಿಹ್ನೆ. ಹಲವು ಫಲಕಗಳ ಕೊನೆಯಲ್ಲಿ ಮನೆಯವರು ಆರಿಸಿ ಬರೆಸಿದ ಒಂದು ಮಾತು ಇರುತ್ತದೆ. ಅದಕ್ಕೆ ಆಯೋಗ ಕೊಡುತ್ತಿದ್ದ ಜಾಗ ಕೆಲವೇ ಅಕ್ಷರಗಳಷ್ಟು. ಮಗನನ್ನು ಕಳೆದುಕೊಂಡ ತಾಯಿ, ಗಂಡನನ್ನು ಕಳೆದುಕೊಂಡ ಹೆಂಡತಿ ತಮಗೆ ಹೇಳುವುದಿದ್ದದ್ದನ್ನೆಲ್ಲ ಅಷ್ಟರಲ್ಲೇ ಮುಗಿಸಬೇಕಿತ್ತು. ಒಂದು ಸಾಲು ಓದಿ ಮುಂದಕ್ಕೆ ಹೋಗಲು ಕಾಲು ಬರುವುದಿಲ್ಲ.

ಚಿತೆಗೆ ಹೋದವರ ಗುರುತು

ಕೊಹಿಮಾದಲ್ಲಿ 1,420 ಸಮಾಧಿಗಳಿವೆ. ಹಾಗಾದರೆ ಇಲ್ಲಿ ಸತ್ತ ಹಿಂದೂ, ಸಿಖ್ ಸೈನಿಕರೆಲ್ಲಿ? ಅವರನ್ನು ಹೂಳಲಿಲ್ಲ, ಅವರವರ ಧರ್ಮದಂತೆ ದಹನ ಮಾಡಿದರು. ಆದ್ದರಿಂದ ಅವರಿಗೆ ಕಲ್ಲಿನ ಸಾಲಿಲ್ಲ, ಹೂಗಿಡವಿಲ್ಲ. ಗುಡ್ಡದ ತುತ್ತತುದಿಯಲ್ಲಿ ಅವರಿಗಾಗಿಯೇ ಒಂದು ಸ್ಮಾರಕವಿದೆ. ಅದರ ಮೇಲೆ 917 ಹೆಸರುಗಳಿವೆ.

ಕೆಳಗಿನ ಹಂತಗಳಲ್ಲೇ ಸುತ್ತಾಡಿ, ಟೆನಿಸ್ ಅಂಗಳ ನೋಡಿ ಹಿಂತಿರುಗಿದವರಿಗೆ ಈ ಹೆಸರುಗಳು ಕಣ್ಣಿಗೇ ಬೀಳುವುದಿಲ್ಲ. ಭಾರತೀಯರು ಮೊದಲು ಹತ್ತಬೇಕಾದದ್ದು ಅಲ್ಲಿಗೆ. ಸಮಾಧಿಯಿದ್ದವನಿಗೆ ಆರಡಿ ನೆಲವಾದರೂ ಇದೆ. ಚಿತೆಗೆ ಹೋದವನಿಗೆ ಉಳಿದಿರುವುದು ಈ ಒಂದು ಸಾಲು ಅಕ್ಷರ ಮಾತ್ರ.

ಆ ಒಂದು ಸಾಲೂ ಎಲ್ಲರಿಗೂ ಸಿಗಲಿಲ್ಲ. ಭೇದ ಕೂಡದೆಂಬ ನಿಯಮ ಕಾಗದದ ಮೇಲಿತ್ತು, ಯುರೋಪಿನ ಆಚೆ ಅದು ಸರಿಯಾಗಿ ನಡೆಯಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ ಕಟ್ಟಿದ ಇರಾಕಿನ ಬಸ್ರಾ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರು ಕೆತ್ತಿದರು. ಅವರ ಕೈಕೆಳಗೆ ಸತ್ತ ಭಾರತೀಯ ಸಿಪಾಯಿಗಳಿಗೆ ಪಡೆವಾರು ಎಣಿಕೆ ಮಾತ್ರ ಬರೆದರು. ಆಗ ಮೆಸೊಪೊಟೇಮಿಯಾ ಎನ್ನುತ್ತಿದ್ದ ಆ ನಾಡಿನ ಬಿಸಿಲಲ್ಲಿ ಪ್ರಾಣ ಬಿಟ್ಟವನು ಅಲ್ಲಿ ಒಂದು ಅಂಕಿ.

ಆಯೋಗವೇ ನೇಮಿಸಿದ ಸಮಿತಿ 2021ರಲ್ಲಿ ಇದನ್ನು ಒಪ್ಪಿಕೊಂಡು ವರದಿ ಕೊಟ್ಟಿತು. ಮೊದಲ ಮಹಾಯುದ್ಧದಲ್ಲಿ ಸತ್ತವರ ಪೈಕಿ ಕಡಿಮೆಯೆಂದರೂ 1,16,000 ಮಂದಿಗೆ, ಬಹುಶಃ 3,50,000 ಮಂದಿಯವರೆಗೆ, ಹೆಸರಿನ ಗುರುತೇ ಸಿಗಲಿಲ್ಲ ಅಥವಾ ಯಾವ ಗುರುತೂ ಸಿಗಲಿಲ್ಲ. ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು. ಆಯೋಗ ಕ್ಷಮೆ ಕೇಳಿತು, ಹೆಸರು ಹುಡುಕುವ ಕೆಲಸ ಆರಂಭಿಸಿತು. ಹೀಗಿರುವಾಗ ಕೊಹಿಮಾದ 917 ಹೆಸರುಗಳ ಬೆಲೆ ಇನ್ನಷ್ಟು ಹೆಚ್ಚುತ್ತದೆ. ಇಲ್ಲಿ ನಮ್ಮ ಸಿಪಾಯಿ ಅಂಕಿಯಾಗಿಲ್ಲ, ಹೆಸರಾಗಿದ್ದಾನೆ. ಅದನ್ನು ಓದುವವರು ಬೇಕು.

ಅಂಚೆಯಲ್ಲಿ ಬಂದ ಸಮಾಧಿ

ಸಮಾಧಿಯ ಫೋಟೊ ತೆಗೆಯುವುದು ಮೊಬೈಲ್ ಕಾಲದ ಚಟವಲ್ಲ. 1915ರಲ್ಲಿ ಬ್ರಿಟಿಷ್ ಸೈನ್ಯ ಮೃತದೇಹಗಳನ್ನು ಊರಿಗೆ ಸಾಗಿಸುವುದನ್ನು ನಿಲ್ಲಿಸಿತು. ಸತ್ತ ಮಗನ ಮುಖ ನೋಡುವ ದಾರಿ ಅಲ್ಲಿಗೆ ಮುಚ್ಚಿತು. ಆಗ ಮನೆಮನೆಗಳಿಂದ ಒಂದೇ ಕೋರಿಕೆಯ ಕಾಗದಗಳು ಬರತೊಡಗಿದವು: ಅವನನ್ನು ಮಲಗಿಸಿದ ಜಾಗವನ್ನಾದರೂ ತೋರಿಸಿ.

ಸಮಾಧಿ ನೋಂದಣಿ ಮಾಡುತ್ತಿದ್ದ ವೇರ್‌ನ ತಂಡ ಫೋಟೊಗ್ರಾಫರ್‌ಗಳನ್ನು ಕಳಿಸಿತು. ಮರದ ಶಿಲುಬೆ ನೆಟ್ಟ ಮಣ್ಣಿನ ದಿಬ್ಬದ ಚಿತ್ರ ಒಂದು ಕಾರ್ಡಿಗೆ ಅಂಟಿ ಮನೆಗೆ ಬರುತ್ತಿತ್ತು. ಜೊತೆಯಲ್ಲಿ ಹೆಸರು, ಜಾಗದ ವಿವರ, ಹತ್ತಿರದ ರೈಲು ನಿಲ್ದಾಣ ಯಾವುದೆಂಬ ಮಾಹಿತಿ. ಎಂದಾದರೂ ಹೋಗಬಹುದು ಎಂಬ ಆಸೆಗೆ ಆ ನಿಲ್ದಾಣದ ಹೆಸರೇ ಆಧಾರ. ಬಹಳಷ್ಟು ಮನೆಗಳಿಂದ ಯಾರೂ ಹೋಗಲಾಗಲಿಲ್ಲ. ಗೋಡೆಯ ಮೇಲಿನ ಆ ಚಿತ್ರವೇ ಅವರ ಪಾಲಿಗೆ ಸಮಾಧಿಯಾಯಿತು.

ಇವತ್ತು ಅದೇ ಕೆಲಸವನ್ನು ಸ್ವಯಂಸೇವಕರು ಮುಂದುವರಿಸಿದ್ದಾರೆ. ದಿ ವಾರ್ ಗ್ರೇವ್ಸ್ ಫೋಟೊಗ್ರಾಫಿಕ್ ಪ್ರಾಜೆಕ್ಟ್ ಎಂಬ ಸಂಸ್ಥೆ ಜಗತ್ತಿನ ಯುದ್ಧ ಸಮಾಧಿಗಳನ್ನೂ ಸ್ಮಾರಕದ ಹೆಸರುಗಳನ್ನೂ ಚಿತ್ರದಲ್ಲಿ ದಾಖಲಿಸುತ್ತಿದೆ. ಎಲ್ಲೋ ಒಬ್ಬರು ಅಜ್ಜನ ಹೆಸರು ಹುಡುಕುತ್ತಾರೆ, ಅಜ್ಜ ಮಲಗಿರುವುದು ತಾವು ಎಂದೂ ಹೋಗಲಾಗದ ದೇಶದಲ್ಲಿ. ಅಲ್ಲಿಗೆ ಬೇರೆ ಯಾರೋ ಹೋಗಿ ಮಂಡಿಯೂರಿದ್ದರಿಂದ ಮೊಮ್ಮಗಳಿಗೆ ಆ ಕಲ್ಲು ಕಾಣುತ್ತದೆ.

ಹೆಸರು ಓದುವಂತೆ ತೆಗೆಯುವುದು

ಇಂಥ ಫೋಟೊಗೆ ದುಬಾರಿ ಕ್ಯಾಮೆರಾ ಬೇಡ. ಮೊಬೈಲ್ ಸಾಕು. ಬೇಕಾದದ್ದು ತಾಳ್ಮೆ. ಗುರಿ ಒಂದೇ: ಪ್ರತಿ ಅಕ್ಷರವೂ ಓದಲು ಬರಬೇಕು.

ಮೊದಲು ಬೆಳಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಅಕ್ಷರದ ಒಂದು ಅಂಚಿಗೆ ಬೆಳಕು, ಇನ್ನೊಂದು ಅಂಚಿಗೆ ನೆರಳು ಕೊಡುತ್ತದೆ. ಆಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ನಡುಮಧ್ಯಾಹ್ನದ ಬಿಸಿಲಲ್ಲಿ ಎಲ್ಲವೂ ಚಪ್ಪಟೆ.

ಕಂಚಿನ ಫಲಕಕ್ಕೆ ಇನ್ನೊಂದು ತೊಂದರೆಯಿದೆ. ಅದು ಹೊಳೆಯುತ್ತದೆ. ನೇರ ಎದುರಿಗೆ ನಿಂತರೆ ಆಕಾಶದ ಬಿಳುಪೋ ನಿಮ್ಮದೇ ನೆರಳೋ ಹೆಸರಿನ ಮೇಲೆ ಬಂದು ಕೂರುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಜೊತೆಗಿದ್ದವರು ಕೊಡೆ ಅಡ್ಡ ಹಿಡಿದರೆ ಇನ್ನೂ ಒಳ್ಳೆಯದು. ನಿಂತಲ್ಲಿಂದ ಕೆಳಗೆ ನೋಡಿ ತೆಗೆದರೆ ಅಕ್ಷರಗಳು ವಾಲುತ್ತವೆ. ಕ್ಯಾಮೆರಾ ಫಲಕದ ಮಟ್ಟಕ್ಕೆ ಬರಬೇಕು, ಅಂದರೆ ನೀವು ಮಂಡಿಯೂರಬೇಕು. ಒಳ್ಳೆಯ ಚಿತ್ರಕ್ಕೂ ಗೌರವಕ್ಕೂ ಬೇಕಾದ ಭಂಗಿ ಒಂದೇ ಆಗಿರುವುದನ್ನು ಅಲ್ಲಿ ಕೂತಾಗ ಮೈಯೇ ತಿಳಿಯುತ್ತದೆ.

ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯಬೇಡಿ. ಸೋಪು, ಬ್ರಷ್ ಹಾಕಿ ಉಜ್ಜಬೇಡಿ. ಇಬ್ಬನಿ ಕೂತಿದ್ದರೆ ಒಣಗುವವರೆಗೆ ಕಾಯಿರಿ. ಹೂವು ಹೆಸರನ್ನು ಮುಚ್ಚಿದ್ದರೆ ಬೆರಳಿನಿಂದ ಸರಿಸಿ ಹಿಡಿದುಕೊಳ್ಳಿ, ಕೀಳಬೇಡಿ. ಮಾಲಿಗಳು ವರ್ಷವಿಡೀ ಮಗುವಿನಂತೆ ಸಾಕಿದ ಗಿಡ ಅದು.

ಹೆಸರಿನ ಚಿತ್ರವಾದ ಮೇಲೆ ಆ ಕಲ್ಲು ಇರುವ ಸಾಲಿನದೊಂದು, ಇಡೀ ಇಳಿಜಾರಿನದೊಂದು ತೆಗೆಯಿರಿ. ಮನೆಯವರಿಗೆ ಹೆಸರಿನಷ್ಟೇ ಮುಖ್ಯವಾದದ್ದು ಸುತ್ತಲಿನ ನೋಟ. ಅವನ ಪಕ್ಕದಲ್ಲಿ ಯಾರಿದ್ದಾರೆ, ನೆರಳಿದೆಯೇ, ಗುಡ್ಡ ಕಾಣುತ್ತದೆಯೇ ಎಂದು ಅವರು ತಿಳಿಯಬಯಸುತ್ತಾರೆ.

ಕೊನೆಯದು ಬರವಣಿಗೆ. ಭಾಗ, ಸಾಲು, ಸಮಾಧಿ ಸಂಖ್ಯೆ, ಸೈನಿಕನ ಸಂಖ್ಯೆ ಎಲ್ಲವನ್ನೂ ಆಗಲೇ ಬರೆದಿಟ್ಟುಕೊಳ್ಳಿ. ವಿವರವಿಲ್ಲದ ಫೋಟೊ ವಿಳಾಸವಿಲ್ಲದ ಕಾಗದವಿದ್ದಂತೆ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದವರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಒಂದೇ ಹೆಸರಿಗೆ ಹಲವು ಕಾಗುಣಿತ. ಆಗ ಕೈಹಿಡಿಯುವುದು ಸೈನಿಕನ ಸಂಖ್ಯೆಯೇ. ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಿದರೆ ಹಲವರ ದಾಖಲೆಯಲ್ಲಿ ತಂದೆಯ ಹೆಸರು, ಹೆಂಡತಿಯ ಹೆಸರು, ಹಳ್ಳಿ, ಜಿಲ್ಲೆಯೂ ಸಿಗುತ್ತವೆ. ಅಲ್ಲಿಗೆ ನಿಮ್ಮ ಚಿತ್ರಕ್ಕೊಂದು ಊರು ಸಿಕ್ಕಂತೆ.

ವೀರಗಲ್ಲಿನ ನಾಡಿನವರು ನಾವು

ಸತ್ತವನ ಹೆಸರು ಕಲ್ಲಿನ ಮೇಲಿರಬೇಕೆಂಬ ಮಾತು ಕನ್ನಡಿಗರಿಗೆ ಹೊಸತಲ್ಲ. ತುರು ಕಾಯಲು ಹೋಗಿ ಸತ್ತವನಿಗೆ, ಊರಳಿವಿನಲ್ಲಿ ಕಾದಿ ಬಿದ್ದವನಿಗೆ ನಮ್ಮ ಹಳ್ಳಿಗಳು ಸಾವಿರ ವರ್ಷಕ್ಕೂ ಹಿಂದಿನಿಂದ ವೀರಗಲ್ಲು ನಿಲ್ಲಿಸಿವೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಒಂಬತ್ತನೆಯ ಶತಮಾನದ ಶಾಸನವನ್ನೇ ನೋಡಿ. ಬೆಂಗಳೂರು ಎಂಬ ಹೆಸರಿಗೆ ಅದು ಅತಿ ಹಳೆಯ ಸಾಕ್ಷಿ. ಬೆಂಗಳೂರಿನ ಕಾಳಗದಲ್ಲಿ ಒಬ್ಬ ಸತ್ತನೆಂದು ಹೇಳುವ ಕಲ್ಲು ಅದು. ಈ ಮಹಾನಗರಕ್ಕೆ ತನ್ನ ಹೆಸರಿನ ಹಳಮೆ ತಿಳಿದದ್ದು ಮಡಿದವನೊಬ್ಬನ ಕಲ್ಲಿನಿಂದ.

ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಅಶ್ವದಳ ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಕಾದಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಮೈಸೂರು ಲ್ಯಾನ್ಸರ್ಸ್ ಹೈಫಾ ನಗರವನ್ನು ಗೆದ್ದದ್ದು ಹಲವರಿಗೆ ಅರೆಬರೆ ಗೊತ್ತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸೈನಿಕನದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರದೇ ಸ್ಮಾರಕಸ್ತಂಭವಿದೆ, ಅದರ ಮೇಲೆ ಮಡಿದವರ ಹೆಸರಿದೆ. ದಿನಕ್ಕೆ ಸಾವಿರಾರು ವಾಹನ ಆ ದಾರಿಯಲ್ಲಿ ಓಡಾಡುತ್ತವೆ. ಇಳಿದು ಓದುವವರು ಕಡಿಮೆ.

ಇಂಡಿಯಾ ಗೇಟ್ ಕಥೆಯೂ ಇದೇ. ದೆಹಲಿಗೆ ಹೋದ ಪ್ರತಿ ಮನೆಯ ಆಲ್ಬಮ್ಮಿನಲ್ಲೂ ಅದರ ಮುಂದೆ ನಿಂತ ಚಿತ್ರವಿದೆ. ಅದರ ಗೋಡೆಗಳ ಮೇಲೆ 13,000ಕ್ಕೂ ಹೆಚ್ಚು ಹೆಸರು ಕೆತ್ತಿದೆ ಎಂಬುದು ನಮ್ಮಲ್ಲಿ ಎಷ್ಟು ಜನರ ಕಣ್ಣಿಗೆ ಬಿದ್ದಿದೆ? ಅದರ ಪಕ್ಕದಲ್ಲೇ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವತಂತ್ರ ಭಾರತಕ್ಕಾಗಿ ಪ್ರಾಣ ಕೊಟ್ಟ 25,000ಕ್ಕೂ ಹೆಚ್ಚು ಯೋಧರ ಹೆಸರು ಗ್ರಾನೈಟ್ ಕಲ್ಲುಗಳ ಮೇಲಿದೆ. ಅವರ ಮನೆಯವರು ಇನ್ನೂ ನಮ್ಮ ನಡುವೆ ಇದ್ದಾರೆ.

ಹೋಗುವ ಮುನ್ನ

ಕೊಹಿಮಾಕ್ಕೆ ಹೋಗಲು ದಿಮಾಪುರದವರೆಗೆ ರೈಲು ಅಥವಾ ವಿಮಾನ, ಅಲ್ಲಿಂದ ಸುಮಾರು 70 ಕಿಲೊಮೀಟರ್ ರಸ್ತೆ. ನಾಗಾಲ್ಯಾಂಡ್ ಪ್ರವೇಶಿಸಲು ಹೊರ ರಾಜ್ಯದವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು. ಡಿಸೆಂಬರ್ ಮೊದಲ ದಿನಗಳಲ್ಲಿ ಹಾರ್ನ್‌ಬಿಲ್ ಉತ್ಸವಕ್ಕೆಂದು ಹೋಗುವ ಕನ್ನಡಿಗರು ಅದರಲ್ಲಿ ಒಂದು ಬೆಳಗನ್ನು ಈ ಗುಡ್ಡಕ್ಕೆ ಕೊಡಬಹುದು. ಅಷ್ಟು ದೂರ ಆಗದವರಿಗೆ ಚೆನ್ನೈನ ನಂದಂಬಾಕ್ಕಂನಲ್ಲಿ ಮದ್ರಾಸ್ ವಾರ್ ಸಿಮೆಟ್ರಿ ಇದೆ. ವಿಮಾನ ನಿಲ್ದಾಣಕ್ಕೆ ಹತ್ತಿರ. ದಕ್ಷಿಣ ಮತ್ತು ಪೂರ್ವ ಭಾರತದ ಹಲವೆಡೆ ಚದುರಿದ್ದ ಸಮಾಧಿಗಳನ್ನು 1952ರಲ್ಲಿ ಅಲ್ಲಿಗೆ ತಂದು ಸೇರಿಸಿದರು. ಅಲ್ಲಿ 856 ಮಂದಿ ಮಲಗಿದ್ದಾರೆ.

ಎಲ್ಲಿಗೇ ಹೋದರೂ ಕಲ್ಲಿನ ಮೇಲೆ ಕೂರಬೇಡಿ, ಒರಗಬೇಡಿ. ಮೊಬೈಲಿನ ಹಾಡು ನಿಲ್ಲಿಸಿ. ಡ್ರೋನ್ ಹಾರಿಸಬೇಡಿ. ಯಾರಾದರೂ ಒಂದೇ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದರೆ ಅವರಿಂದ ದೂರ ಸರಿಯಿರಿ, ಅವರ ಫೋಟೊ ತೆಗೆಯಬೇಡಿ. ಮಕ್ಕಳನ್ನು ಕರೆದೊಯ್ಯಿರಿ. ವಯಸ್ಸಿನ ಸಾಲನ್ನು ಅವರಿಂದಲೇ ಓದಿಸಿ. ಅವರ ಕಾಲೇಜಿನ ಅಣ್ಣಂದಿರ ವಯಸ್ಸಿನ ಹುಡುಗರು ಅಲ್ಲಿದ್ದಾರೆಂದು ತಿಳಿದಾಗ ಯುದ್ಧವೆಂದರೇನು ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ಮತ್ತೊಂದು ಮಾತು. ಸಾವಿರ ಫೋಟೊ ತೆಗೆಯುವ ಶಕ್ತಿ ಎಲ್ಲರಿಗೂ ಇಲ್ಲ, ಬೇಕಾಗಿಯೂ ಇಲ್ಲ. ಒಂದೇ ಒಂದು ಹೆಸರು ಆರಿಸಿಕೊಳ್ಳಿ. ಅದನ್ನು ಬಾಯಿಬಿಟ್ಟು ಓದಿ. ಆಮೇಲೆ ಚಿತ್ರ ತೆಗೆಯಿರಿ. ಊರಿಗೆ ಬಂದ ಮೇಲೆ ಅವನು ಯಾರು, ಯಾವ ಊರಿನವನು ಎಂದು ಹುಡುಕಿ, ಮನೆಯಲ್ಲಿ ನಾಲ್ಕು ಜನರಿಗೆ ಹೇಳಿ. ಎಂಬತ್ತು ವರ್ಷದಿಂದ ಆ ಗುಡ್ಡದ ಮೇಲೆ ಇರುವವನಿಗೆ ನಾವು ಮಾಡಬಹುದಾದದ್ದು ಇಷ್ಟೇ, ಇಷ್ಟನ್ನಾದರೂ ಮಾಡೋಣ.